ಬಾಲವಿಲ್ಲದ ನವಿಲು

ತಂಗಿಯ ಅರವತ್ತನೆಯ ಹುಟ್ಟುಹಬ್ಬಕ್ಕೆಂದು ನಾನು ಹೊಲಿಯುತ್ತಿದ್ದ ಟೇಬಲ್ ಕ್ಲಾತಿನ ನವಿಲಿಗೆ ಬಾಲವಿರಲಿಲ್ಲ. ಅದು ಅಮ್ಮನ ಡಿಸೈನ್. ಅವಳು ಹೊಲಿದಿದ್ದ ಬಟ್ಟೆ ಮಡಿಕೆಗಳಲ್ಲೇ ಹರಿದುಹೋಗುವ ಮೊದಲು ಕ್ರಾಸ್ ಸ್ಟಿಚ್ಚುಗಳನ್ನೆಲ್ಲ ಎಣಿಸಿ, ಒಂದು ಹೊಲಿಗೆಗೆ ಒಂದು ಚೌಕದಂತೆ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿಟ್ಟಿದ್ದೆ. ಪ್ರಿಂಟ್ ತೆಗೆದದ್ದು ಮೊದಲ ಪುಟ ಮಾತ್ರ, ಬಾಲವಿದ್ದದ್ದು ಮುಂದಿನ ಪುಟಗಳಲ್ಲಿ. ಅಷ್ಟರಲ್ಲಿ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಹಳೆಯ ಹಾರ್ಡ್ ಡಿಸ್ಕನ್ನು ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆ ಹಾಕಿ ಇಟ್ಟಿದ್ದೆ. ಬೆಲೆಬಾಳುವುದನ್ನು ಇನ್ನೆಲ್ಲಿ ಇಡುತ್ತಾರೆ?

“ಗುಜರಿಗೆ ಹಾಕಿ ಮೇಡಂ,” ಎಂದಿದ್ದ ಡಿಸ್ಕನ್ನು ನೋಡಿದ ಶಿವಾಜಿನಗರದ ಕಂಪ್ಯೂಟರ್ ಅಂಗಡಿಯವನು.

ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ನಾನೇ ಹೊಸ ಕಂಪ್ಯೂಟರಿನ ಸ್ಕ್ರೂ ಬಿಚ್ಚಿ ಕೂತೆ. ಹೊಸ ಡಿಸ್ಕಿನ ಅಗಲವಾದ ಕೇಬಲ್ಲಿನಲ್ಲಿ ಇನ್ನೊಂದು ಖಾಲಿ ಕನೆಕ್ಟರ್ ಇತ್ತು. ಹಳೆಯದನ್ನು ಅದಕ್ಕೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಪರದೆ ಕಪ್ಪಾಯಿತು. ಡಿಸ್ಕೇ ಇಲ್ಲವಂತೆ, ಹೊಸದೂ ಇಲ್ಲವಂತೆ!

“ಅಯ್ಯೋ ಅಕ್ಕ, ಇದ್ದಿದ್ದನ್ನೂ ಕೆಡಿಸ್ಬಿಟ್ಯಲ್ಲೇ,” ಎಂದಳು ಪಕ್ಕದಲ್ಲಿ ಕೂತಿದ್ದ ತಂಗಿ. “ಬಾಲ ಇಲ್ದಿದ್ರೆ ಬೇಡ ಬಿಡು. ಕೋಳಿ ಅಂದ್ಕೊಂಡು ಹಾಸ್ಕೋತೀನಿ.”

ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸಿದ ಸಿಸ್ಟರ್ ನೆನಪಾದರು. ಎಂಥ ಚಂದದ ಹೂವು ಹೊಲಿದೊಯ್ದರೂ ಅವರು ಮೊದಲು ಕೇಳುತ್ತಿದ್ದದ್ದು, “ಶೋ ಮಿ ದ ಬ್ಯಾಕ್, ಚೈಲ್ಡ್.” ಗಂಟು, ತಪ್ಪು ಎಲ್ಲ ಬಟ್ಟೆಯ ಹಿಂಬದಿಯಲ್ಲೇ ಸಿಗುತ್ತಿತ್ತು.

ಪ್ಲಗ್ ಕಿತ್ತು ಹಳೆಯ ಡಿಸ್ಕನ್ನು ಹೊರತೆಗೆದು ಅದರ ಬೆನ್ನು ನೋಡಿದೆ. ಸಾಲು ಪಿನ್ನುಗಳು, ಅವುಗಳಲ್ಲಿ ಎರಡರ ಮೇಲೆ ಎಳ್ಳಿಗಿಂತ ತುಸು ದೊಡ್ಡದಾದ ಕಪ್ಪು ಟೋಪಿ. ಲೇಬಲ್ಲಿನ ಚಿತ್ರದ ಪ್ರಕಾರ ಟೋಪಿ ಅಲ್ಲಿದ್ದರೆ ‘ಮಾಸ್ಟರ್’. ಹೊಸದೂ ಮಾಸ್ಟರೇ. ಒಂದೇ ಕೇಬಲ್ಲಿಗೆ ಇಬ್ಬರು ಯಜಮಾನರು! ತಂಗಿ ಟಾರ್ಚ್ ಹಿಡಿದಳು. ಹುಬ್ಬು ಕೀಳುವ ಟ್ವೀಜರ್‌ನಿಂದ ಟೋಪಿಯನ್ನು ಎತ್ತಿ, ಚಿತ್ರದಲ್ಲಿ ‘ಸ್ಲೇವ್’, ಅಂದರೆ ಆಳು, ಎಂದಿದ್ದ ಜಾಗಕ್ಕೆ ಕೂರಿಸಿದೆ.

ಈ ಸಲ ಎರಡೂ ಡಿಸ್ಕುಗಳು ಕಾಣಿಸಿದವು. ಫ್ಯಾನಿನ ಗಾಳಿಯಲ್ಲಿ ನುಸಿಗುಳಿಗೆಯ ವಾಸನೆ ಬಂತು. ಫೈಲ್ ತೆರೆದೆ. ನೀಲಿ, ಹಸಿರು, ಹೊನ್ನಿನ ಚೌಕಗಳು ಪರದೆಯುದ್ದಕ್ಕೂ ಇಳಿದವು. ಬಾಲ! ಅಷ್ಟೂ ಬಾಲ!

ತಂಗಿ ಬಾಲದ ಒಂದು ಕಣ್ಣಿನ ಮೇಲೆ ಬೆರಳಿಟ್ಟಳು. “ಇಲ್ಲೊಂದು ಚೌಕ ಬಿಟ್ಟಿದ್ದೀಯ.”

“ನಾನಲ್ಲ ಕಣೇ. ಅಮ್ಮ.”

ಅವಳು ಪರದೆಯಿಂದ ಬೆರಳು ತೆಗೆದಳು. “ಹಾಗೇ ಇರ್ಲಿ ಅಕ್ಕ. ತುಂಬಿಸ್ಬೇಡ.”

ತುಂಬಿಸಲಿಲ್ಲ. ಹುಟ್ಟುಹಬ್ಬದ ದಿನ ಬಂದವರೆಲ್ಲ ನವಿಲನ್ನು ಹೊಗಳಿದರೆ, ನಾನು ಬಟ್ಟೆಯ ಅಂಚೆತ್ತಿ ಹಿಂಬದಿಯನ್ನು ತೋರಿಸುತ್ತಿದ್ದೆ.