ಎಲ್ಲೆಲ್ಲೂ ಒಂದೇ ಜುಮಾದಿಲ್

ಬಿಷ್ಕೆಕ್ಕಿನ ಎಂಟನೇ ಬಡಾವಣೆಯ ಐದಂತಸ್ತಿನ ಹಳೇ ಕಟ್ಟಡಗಳಲ್ಲಿ ನಲ್ಲಿ ಕೈಕೊಟ್ಟರೆ, ಚಳಿಗಾಲದಲ್ಲಿ ಗೋಡೆಯ ಬಿಸಿನೀರಿನ ಕೊಳವೆ ಸೋರಿದರೆ, ಇಪ್ಪತ್ತೆಂಟು ವರ್ಷಗಳಿಂದ ಜನ ಕೂಗುತ್ತಿದ್ದದ್ದು ಒಂದೇ ಹೆಸರು: ಜುಮಾದಿಲ್. ಕೂಗುವುದೆಂದರೆ ನಿಜವಾಗಿ ಕೂಗುವುದು, ಕಿಟಕಿಯಿಂದ ತಲೆ ಹೊರಹಾಕಿ. ಆತನೂ ಅಂಗಳದಿಂದಲೇ "ಮೇಲಿನ ವಾಲ್ವ್ ಮುಚ್ರೋ, ಬಂದೆ!" ಎಂದು ತಿರುಗಿ ಕೂಗುತ್ತಿದ್ದ. ಇಷ್ಟು ಸಾಕಾಗಿತ್ತು.

ಈಗ ಕೊಳವೆ ಸೋರಿದರೆ ಜನ ಬಕೆಟ್ ಇಡುವ ಮೊದಲು ಫೋನ್ ತೆಗೆಯುತ್ತಾರೆ. ಅದರಲ್ಲಿ ಯಾರ ಮುಖ ಮೊದಲು ಕಂಡಿತೋ ಅವನೇ ಕೆಲಸಗಾರ. ಜುಮಾದಿಲನ ಮುಖ ಅದರಲ್ಲಿ ಇರಲೇ ಇಲ್ಲ. ಮಗಳು ಬೇಗಿಮಾಯ್ ತನ್ನ ಸಂಬಳದಿಂದ ಅಪ್ಪನನ್ನು ಜಾಲತಾಣದಲ್ಲಿ ಹೆಸರು ಮಾಡುವುದನ್ನು ಕಲಿಸುವ ಒಂದು ತರಬೇತಿಗೆ ಸೇರಿಸಿದಳು. ಅವನು ಒಪ್ಪಿದ್ದು ಗಿರಾಕಿಗಳ ಆಸೆಗಲ್ಲ. "ನಾರಿನ್‌ನಲ್ಲಿರೋ ದೊಡ್ಡಪ್ಪನೂ ನೋಡ್ತಾರೆ ಅಪ್ಪಾ" ಎಂದು ಅವಳು ಅಂದಿದ್ದಳು, ಆ ಒಂದು ಮಾತಿಗೆ.

ದೊಡ್ಡಪ್ಪ ಎಂದರೆ ಬೆಟ್ಟದಾಚೆಯ ಹುಟ್ಟೂರಲ್ಲೇ ಉಳಿದ ಜುಮಾದಿಲನ ಅಣ್ಣ ಅಸನಾಲಿ. ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಬಂದ ಜನರ ಊಟಕ್ಕೆ ಕುದುರೆ ಕಡಿಯಬೇಕು ಎಂದು ಅಣ್ಣ, ಹೋರಿ ಸಾಕು ಎಂದು ತಮ್ಮ. ನಾಲ್ಕು ಜನರೆದುರು ಮಾತಿಗೆ ಮಾತು ಬೆಳೆದು ಅಸನಾಲಿ "ನಿನ್ನ ಮಣ್ಣಿಗೂ ಬರಲ್ಲ ಹೋಗೋ" ಎಂದುಬಿಟ್ಟ. ಅಂದಿನಿಂದ ಫೋನೂ ಇಲ್ಲ, ಹಬ್ಬದ ಹಾರೈಕೆಯೂ ಇಲ್ಲ.

ತರಬೇತಿ ಕೊಡುವವನು ರಿನಾತ್, ಇಪ್ಪತ್ತಾರು ವರ್ಷದವನು. ಜೀವನದಲ್ಲಿ ಒಂದು ನಟ್ಟೂ ಬಿಗಿ ಮಾಡಿದವನಲ್ಲ.

"ಯಜಮಾನ್ರೇ, ನೀವು ಯಾರು ಹೇಳಿ?"

"ನಲ್ಲಿ ರಿಪೇರಿಯವನು."

"ಅಲ್ಲ! ನೀವು ಒಂದು ಬ್ರ್ಯಾಂಡು."

"ಸರಿ ಬಿಡಪ್ಪ. ಹಾಗಾದ್ರೆ ನಲ್ಲಿ ಯಾರು ರಿಪೇರಿ ಮಾಡ್ತಾರೆ?"

ರಿನಾತ್ ನಗಲಿಲ್ಲ. ಒಂದು ಕಡೆ ನಗುತ್ತ, ಇನ್ನೊಂದು ಕಡೆ ಸಿಡುಕುತ್ತ ಇದ್ದರೆ ಯಾರೂ ನಂಬುವುದಿಲ್ಲ, ನಾಲ್ಕೂ ಜಾಲತಾಣಗಳಲ್ಲಿ ಒಂದೇ ಚಿತ್ರ, ಒಂದೇ ಟೋಪಿ, ಒಂದೇ ಸಾಲು, ಒಂದೇ ಹಿನ್ನೆಲೆ ಇರಬೇಕು ಎಂದ. ಕೊಳವೆಗೆ ಬೈಯುವ ಜುಮಾದಿಲ್, ಮುದುಕಿಯರ ಹತ್ತಿರ ಕಾಸು ಮುಟ್ಟದ ಜುಮಾದಿಲ್, ಮದುವೆಯಲ್ಲಿ ಮೂರನೇ ಲೋಟಕ್ಕೇ ಹಾಡುವ ಜುಮಾದಿಲ್, ಇಷ್ಟು ಜನರನ್ನೂ ಆ ಹುಡುಗ ಅರ್ಧ ಗಂಟೆಯಲ್ಲಿ ಹೊಡೆದುಹಾಕಿ ಒಬ್ಬನನ್ನು ಉಳಿಸಿಕೊಂಡ. ಇಪ್ಪತ್ತೆಂಟು ವರ್ಷ ಕಂಡವರ ಕಕ್ಕಸಿನಡಿ ಮಲಗಿ ಸಂಪಾದಿಸಿದ ನಂಬಿಕೆ ಲೆಕ್ಕಕ್ಕಿಲ್ಲವಂತೆ. ಬೇಕಿರುವುದು ಹಿನ್ನೆಲೆಯಂತೆ.

ಆ ಹಿನ್ನೆಲೆಗೆಂದು ಆರಿಸಿದ್ದು ಬಿಳಿ ಕಂಬಳಿ ಗುಡಾರ. ಅದನ್ನು ತಿಂಗಳ ಬಾಡಿಗೆಗೆ ತಂದು ಕಟ್ಟಡದ ಅಂಗಳದಲ್ಲೇ ನಿಲ್ಲಿಸುವುದು ಎಂದಾಯಿತು.

ಜುಮಾದಿಲ್ ಬೆಚ್ಚಿದ. "ಅಯ್ಯೋ, ಪಟ್ಟಣದ ಅಂಗಳದಲ್ಲಿ ಗುಡಾರ ಎದ್ರೆ ಸಾವಾಗಿದೆ ಅಂತ ಕಣಯ್ಯಾ! ಒಳಗೆ ಹೆಣ ಮಲಗಿಸ್ತಾರೆ, ಹೆಂಗಸರು ಹಾಡಿ ಅಳ್ತಾರೆ. ನಿಂಗೊತ್ತಿಲ್ವಾ?"

"ಅದೆಲ್ಲ ಹಳೇ ಕಾಲ ಯಜಮಾನ್ರೇ. ವಿಮಾನ ನಿಲ್ದಾಣದ ಗೋಡೆ ಮೇಲೂ ಗುಡಾರದ ಚಿತ್ರ ಇದೆ. ಅಲ್ಲೇನು ಯಾರಾದ್ರೂ ಸತ್ತಿದಾರಾ?"

"ಗುಡಾರದಲ್ಲಿ ನಲ್ಲಿ ಎಲ್ಲಿರುತ್ತೋ ಮಾರಾಯಾ?"

"ಅದೇ ಮಜಾ!"

ದುಡ್ಡು ಕೊಟ್ಟಾಗಿದೆ ಎಂದು ಮಗಳ ಮುಖ ಹೇಳುತ್ತಿತ್ತು. ಜುಮಾದಿಲ್ ನಿಂತ. ತಲೆಗೆ ಬಿಳಿ ಕಂಬಳಿ ಟೋಪಿ, ಸೊಂಟಕ್ಕೆ ಸ್ಪ್ಯಾನರ್ ಸಿಗಿಸಿದ ಪಟ್ಟಿ, ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಪೈಪು. "ಅದರ ಮೇಲೆ ಭಾರ ಬಿಡಿ. ತಲೆ ಸ್ವಲ್ಪ ಕೆಳಗೆ. ನಗಬೇಡಿ." ಸೊಂಟ ಬಿಗಿದು, ಕೋಲಿಗೆ ಒರಗಿ, ತಲೆ ತಗ್ಗಿಸಿ ಗುಡಾರದ ಬಾಗಿಲಲ್ಲಿ ನಿಲ್ಲುವವರು ಸತ್ತ ಮನೆಯ ಗಂಡಸರು. ಆ ದೇಶದ ಮಗುವಿಗೂ ಗೊತ್ತಿರುವ ಸಂಗತಿ, ಬ್ರ್ಯಾಂಡು ಕಲಿಸುವವನೊಬ್ಬನಿಗೆ ಗೊತ್ತಿರಲಿಲ್ಲ. ಚಿತ್ರ ಕಪ್ಪು ಬಿಳುಪಿನದು, ಎಲ್ಲ ಕಡೆ ಹೊಂದಲಿ ಎಂದು. ಕೆಳಗೆ ಒಂದೇ ಸಾಲು: "ಜುಮಾದಿಲ್. ಎಂದೆಂದಿಗೂ ನಿಮ್ಮೊಂದಿಗೆ."

ಬುಧವಾರ ಸಂಜೆ ಅದು ನಾಲ್ಕೂ ಜಾಲತಾಣಗಳಲ್ಲಿ ಒಟ್ಟಿಗೆ ಏರಿತು.

ಗುರುವಾರ ಬೆಳಿಗ್ಗೆ ಮೂರನೇ ಮಹಡಿಯ ಜೈನೆಪಮ್ಮ ಒಂದು ಬೋಗುಣಿ ಕರಿದ ರೊಟ್ಟಿ ಹೊತ್ತು ಮೂಗೊರೆಸುತ್ತ ಇಳಿದುಬಂದಳು. ಗುಡಾರದ ಮುಂದೆ ಜುಮಾದಿಲನನ್ನೇ ಕಂಡು ಮೆಟ್ಟಿಬಿದ್ದಳು.

"ನೀನು ಸತ್ತಿಲ್ವೇನೋ?"

"ಇಲ್ಲಮ್ಮ."

"ಒಂದು ಕಡೆ ನೋಡಿದ್ರೆ ನಂಬ್ತಿರಲಿಲ್ಲ. ನಾಲ್ಕೂ ಕಡೆ ಒಂದೇ ಥರ ಹಾಕಿದ್ರಲ್ಲೋ! ಸುಳ್ಳಾಗಿದ್ರೆ ಒಂದೊಂದು ಕಡೆ ಒಂದೊಂದು ಥರ ಇರ್ತಿತ್ತು." ಬೋಗುಣಿಯನ್ನು ಮಾತ್ರ ವಾಪಸು ಒಯ್ಯಲಿಲ್ಲ. ಸಾವಿಗೆ ತಂದದ್ದನ್ನು ಮನೆಗೆ ತಿರುಗಿ ಒಯ್ಯಬಾರದು.

ಶುಕ್ರವಾರಕ್ಕೆ ಆರುನೂರು ಜನ ಚಿತ್ರದ ಕೆಳಗೆ, ಸತ್ತವರಿಗೆ ಹಾರೈಸುವಂತೆ, "ಮಣ್ಣು ರೇಷ್ಮೆಯಾಗಲಿ" ಎಂದು ಬರೆದಿದ್ದರು. ಬೇಗಿಮಾಯ್ ಕೆಳಗೆ "ಅಪ್ಪ ಚೆನ್ನಾಗಿದ್ದಾರೆ" ಎಂದು ಬರೆದಳು. ಹತ್ತು ನಿಮಿಷದಲ್ಲಿ ಅದು ಮಾಯ. ಖಾತೆಗಳೆಲ್ಲ ರಿನಾತನ ಕೈಯಲ್ಲಿದ್ದವು.

"ಯಾಕ್ರೀ ಅಳಿಸಿದ್ರಿ?"

"ನಮ್ಮ ಧಾಟಿಗೆ ಹೊಂದಲ್ಲ ಮೇಡಂ. ಇಷ್ಟು ಜನ ಯಾವ ಬ್ರ್ಯಾಂಡಿಗೂ ಬಂದಿಲ್ಲ. ಮೂವತ್ತು ದಿನ ಏನೂ ಮುಟ್ಟಬೇಡಿ."

"ಅಪ್ಪ ಬದುಕಿದಾರೆ ಅನ್ನೋದೇ ಧಾಟಿಗೆ ಹೊಂದಲ್ವಾ?"

"ಈಗಲೇ ಹೇಳೋದು ಬೇಡ ಅಂದೆ ಅಷ್ಟೆ."

ಜುಮಾದಿಲ್ ಈ ಜಗಳ ಕೇಳಿಸಿಕೊಳ್ಳುತ್ತಿರಲಿಲ್ಲ. ಆರುನೂರು ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಓದುತ್ತಿದ್ದ. ಖಾತೆಗೆ ಕುದುರೆಯ ಚಿತ್ರ ಹಾಕಿಕೊಂಡ ಅಸನಾಲಿಯ ಹೆಸರು ಅದರಲ್ಲಿ ಇರಲಿಲ್ಲ. ತಮ್ಮ ಸತ್ತನೆಂದರೂ ಅಣ್ಣ ಒಂದು ಮಾತು ಬರೆಯಲಿಲ್ಲ. ಎರಡನೇ ಸಲ ಓದಿದ. ಆಮೇಲೆ ಫೋನನ್ನು ಮಗಳ ಕೈಗಿಟ್ಟು, "ಆ ಗುಡಾರ ನಾಳೆ ಬಿಚ್ಚಿಸು" ಎಂದ.

ಶನಿವಾರ ಬಾಡಿಗೆಯವನು ಬರುವ ಮೊದಲೇ ರಿನಾತ್ ಬಂದ. ಒಂದೇ ಒಂದು ಚಿತ್ರ, ಅದೇ ಭಂಗಿ, ಆಮೇಲೆ ಬಿಚ್ಚಿ ಎಂದು ಗೋಗರೆದ. ಜುಮಾದಿಲ್ ಬೇಸತ್ತು ಪೈಪಿಗೆ ಒರಗಿ ತಲೆ ತಗ್ಗಿಸಿದ. ಅಷ್ಟರಲ್ಲಿ ಅಂಗಳದ ತುದಿಯಲ್ಲಿ ಧೂಳು ಮೆತ್ತಿದ ಜೀಪೊಂದು ನಿಂತಿತು. ಹಿಂದುಗಡೆ ಒಂದು ಕಂದು ಕುರಿ. ಮುಂದಿನಿಂದ ಇಳಿದ ಮುದುಕ ಗುಡಾರ ಕಂಡದ್ದೇ ತಡ, ಎರಡು ಕೈ ಸೊಂಟಕ್ಕಿಟ್ಟು, ಬಾಗಿ, ಗಂಟಲು ಹರಿಯುವಂತೆ ಕೂಗುತ್ತ ಓಡಿಬಂದ.

"ಅಯ್ಯೋ ನನ್ನ ಕರುಳೇ! ಒಡಹುಟ್ಟಿದವನೇ! ನನ್ನ ರೆಕ್ಕೆ ಮುರಿಯಿತಲ್ಲೋ!"

ಹೀಗೆ ಅಳುತ್ತ ಬಂದವರಿಗೆ ಗುಡಾರದ ಬಾಗಿಲಲ್ಲಿ ನಿಂತವನು ಅಳುತ್ತಲೇ ಉತ್ತರ ಕೊಡಬೇಕು. ಸುಮ್ಮನಿದ್ದರೆ ಸತ್ತವನಿಗೆ ಅವಮಾನ. ಜುಮಾದಿಲ್ ದನಿ ಗುರುತಿಸಿದ. ಬಾಯಿ ತೆರೆದರೆ ಬಂದದ್ದು "ಅಣ್ಣಾ, ನಾನಿದ್ದೀನಿ" ಎಂಬ ಮಾತಲ್ಲ. "ಅಯ್ಯೋ ನನ್ನ ಕರುಳೇ! ಒಡಹುಟ್ಟಿದವನೇ!" ಎಂದು ತನ್ನ ಸಾವಿಗೆ ತಾನೇ ದನಿಗೂಡಿಸಿ ಗೊಳೋ ಎಂದ. ಸುಳ್ಳು ಅಳುವಾಗಿರಲಿಲ್ಲ ಅದು. ಹನ್ನೊಂದು ವರ್ಷದಿಂದ ಕೂಡಿಟ್ಟದ್ದಾಗಿತ್ತು.

ಅಸನಾಲಿ ಕಣ್ಣು ಮುಚ್ಚಿಯೇ ಬಂದು ಅಪ್ಪಿದ. ಇಬ್ಬರೂ ಹೆಗಲ ಮೇಲೆ ಹೆಗಲಿಟ್ಟು ಅತ್ತರು. ಅತ್ತು ಮುಗಿಸಿ ಅಣ್ಣ ಕಣ್ಣೊರೆಸಿಕೊಂಡು ಕೇಳಿದ: "ಹೇಗಾಯ್ತಪ್ಪಾ? ಬಹಳ ನರಳಿದ್ನಾ?"

"ಇಲ್ಲಣ್ಣ. ನಾಲ್ಕು ಕಡೆ ಒಟ್ಟಿಗೇ ಆಯ್ತು."

ಅಸನಾಲಿ ಮುಖ ನೋಡಿದ. ಟೋಪಿ ನೋಡಿದ. ಮತ್ತೆ ಮುಖ ನೋಡಿದ. ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಜೈನೆಪಮ್ಮ ಕಿಟಕಿ ತೆರೆದಳು.

"ಮಣ್ಣಿಗೂ ಬರಲ್ಲ ಅಂದಿದ್ದೆ ಕಣೋ! ಮಾತು ಮುರಿದು, ಘಾಟಿ ಇಳಿದು, ಕುರಿ ಹೊತ್ತು ಬಂದೆ! ಮಣ್ಣೇ ಇಲ್ವಲ್ಲೋ ಕತ್ತೆ!"

"ತಪ್ಪಾಯ್ತಣ್ಣ."

"ಅದ್ಭುತ! ಹಾಗೇ ಇರಿ!" ರಿನಾತ್ ಫೋನ್ ಹಿಡಿದು ಸುತ್ತ ತಿರುಗುತ್ತಿದ್ದ. "ಏಟು ಇನ್ನೊಂದು ಸಲ ಬೀಳಲಿ, ಬೆಳಕು ಸರಿಯಿರಲಿಲ್ಲ."

ಅಸನಾಲಿ ತಮ್ಮನ ಕೈಯಿಂದ ಪೈಪು ಕಸಿದುಕೊಂಡ. ರಿನಾತನಿಗೆ ಆ ಭಂಗಿಯ ಅರ್ಥ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನು ಓಡಿದ ರಭಸಕ್ಕೆ ಜೀಪಿನ ಕುರಿ ಹೆದರಿ ಅರಚಿತು.

ಸಾವಿಗೆ ತಂದ ಕುರಿಯನ್ನು ತಿರುಗಿ ಒಯ್ಯುವಂತಿಲ್ಲ. ಮಧ್ಯಾಹ್ನ ಅದೇ ಗುಡಾರದಲ್ಲಿ ಇಡೀ ಕಟ್ಟಡ ಕೂತು ಉಂಡಿತು. ಹಿರಿಯನೆಂದು ಕುರಿಯ ತಲೆಯನ್ನು ಅಣ್ಣನ ಮುಂದಿಟ್ಟರು. ಅವನು ಕಿವಿ ಕೊಯ್ದು ತಮ್ಮನ ತಟ್ಟೆಗೆ ಹಾಕಿದ. ಅದು ಮನೆಯ ಕಿರಿಯರಿಗೆ ಸಲ್ಲುವ ಪಾಲು.

"ಕುದುರೆನೇ ತರೋನಿದ್ದೆ" ಎಂದ ಅಸನಾಲಿ, ಬಾಯಿ ತುಂಬ ಮಾಂಸ. "ಹೋರಿ ಸಾಕು ಅಂದವನಿಗೆ ಕುರಿ ಸಾಕು ಅಂತ ಬಿಟ್ಟೆ. ಏಳು, ಸ್ಪ್ಯಾನರ್ ತಗೋ. ಅವ್ವನ ಅಡುಗೆಮನೆ ನಲ್ಲಿ ಹನ್ನೊಂದು ವರ್ಷದಿಂದ ತೊಟ್ಟಿಕ್ತಿದೆ. ಬೇರೆಯವರ ಕೈಲಿ ಮುಟ್ಟಿಸಿಲ್ಲ."

ಅಣ್ಣತಮ್ಮಂದಿರನ್ನು ಹೊತ್ತ ಜೀಪು ಬೀದಿ ದಾಟುತ್ತಿದ್ದಾಗ ಬೇಗಿಮಾಯಳ ಫೋನ್ ಬಡಿದುಕೊಂಡಿತು.

"ಹಲೋ, ತೀರಿಕೊಂಡ್ರಲ್ಲ, ಆ ನಲ್ಲಿ ರಿಪೇರಿಯವರ ನಂಬರಾ? ದುಃಖದಲ್ಲಿದ್ದೀರ, ಕೇಳಬಾರದು. ನಮ್ಮ ಬಚ್ಚಲ ಕೊಳವೆ ಸೋರೋದು ನಿಲ್ತಿಲ್ಲ..."

"ಪರವಾಗಿಲ್ಲ ಹೇಳಿ. ತೀರಿಕೊಂಡವರು ಊರಿಗೆ ಹೋಗಿದಾರೆ" ಎಂದಳು ಬೇಗಿಮಾಯ್. "ಬುಧವಾರ ಬರ್ತಾರೆ. ಅಲ್ಲಿವರೆಗೆ ಮೇಲಿನ ವಾಲ್ವ್ ಮುಚ್ಚಿಟ್ಟಿರಿ."