ಸಿಟ್ಟಿಗೊಂದು ಮುತ್ತು

ಸೀಟಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಬೀದಿಯವರೆಲ್ಲ ಹೇಳುತ್ತಿದ್ದರು. ಸ್ಕೂಟರು, ವ್ಯಾನುಗಳ ಹರಿದ ಸೀಟಿಗೆ ಹೊಸ ರೆಕ್ಸಿನ್ ಹೊಲಿದುಕೊಡುವುದು ಅವಳ ಕಸುಬು. ಆ ಹೆಸರೂ ಹಾಗೇ ಅಂಟಿಕೊಂಡದ್ದು. ಸಿಟ್ಟು ಯಾಕೆ ಬರುತ್ತೆ ಅಂತ ಮಾತ್ರ ಯಾರೂ ಕೇಳಿದ್ದಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಅವಳು ಅಳತೆಗೆ ಕತ್ತರಿಸಿಟ್ಟ ಫೋಮಿನ ಮೇಲೆ ಮೈದುನ ಕಾಲು ಚಾಚಿ ಮಲಗುತ್ತಿದ್ದ. ಅವಳ ಒಳ್ಳೇ ಕತ್ತರಿಯಲ್ಲಿ ಅತ್ತೆ ಹಾಲಿನ ಪ್ಯಾಕೆಟ್ಟು ಕತ್ತರಿಸುತ್ತಿದ್ದರು. ಗಂಡ ಎಲ್ಲದಕ್ಕೂ "ಹೋಗ್ಲಿ ಬಿಡು" ಅನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಅವಳಿಗೆ ಮೈಯೆಲ್ಲ ಉರಿ.

ಕೊನೆಗೊಂದು ದಿನ ಅತ್ತೆ ಅವಳನ್ನು ಒಡವೆ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಹುಟ್ಟಿದ ತಿಂಗಳು ಕೇಳಿದ. ಜೂನ್ ಅಂದದ್ದೇ ತಡ, ಅವನ ಮುಖ ಅರಳಿತು.

"ಜುಲೈ ಆಗಿದ್ರೆ ಮಾಣಿಕ್ಯ ಹಾಕಬೇಕಿತ್ತಮ್ಮ. ಅದು ಕೆಂಡ. ಇವರಿಗೆ ಹಾಕಿದ್ರೆ ನಿಮ್ಮ ಮನೆ ಉಳೀತಿತ್ತಾ? ಜೂನ್‌ನವರಿಗೆ ಮುತ್ತು. ಚಂದ್ರನ ತುಣುಕು ಅದು, ಮನಸ್ಸು ತಂಪು ಮಾಡುತ್ತೆ." ಮುತ್ತು ಹುಟ್ಟುವ ಬಗೆಯನ್ನೂ ಅವನು ಬಿಡಿಸಿ ಹೇಳಿದ. "ಚಿಪ್ಪಿನೊಳಗೆ ಏನೋ ಹೊಕ್ಕು ಚುಚ್ಚುತ್ತೆ. ಆ ಜೀವ ಕೂಗಾಡುತ್ತಾ? ಇಲ್ಲ. ಅದರ ಸುತ್ತ ಹೊಳಪು ಸುತ್ತಿಕೊಂಡು ಸುಮ್ಮನೆ ಸಹಿಸ್ಕೊಳ್ಳುತ್ತೆ. ಹೆಣ್ಣುಮಕ್ಕಳು ಅದನ್ನ ನೋಡಿ ಕಲೀಬೇಕು."

"ಚುಚ್ಚಿದ್ದನ್ನ ಕಿತ್ತು ಬಿಸಾಡಕ್ಕೆ ಅದಕ್ಕೆ ಕೈ ಇಲ್ಲ," ಅಂದಳು ಸೀಟಕ್ಕ. "ನನಗಿದೆ."

ಅತ್ತೆ ಅವಳ ತೋಳು ಚಿವುಟಿದರು. ಉಂಗುರ ಬೆರಳಿಗೇರಿತು.

ಅಲ್ಲಿಂದ ಶುರುವಾಯಿತು ಹೊಸ ಕಾಟ. ಮುತ್ತನ್ನು ಹಿಡಿದ ಬೆಳ್ಳಿಯ ಕೊಕ್ಕೆಗೆ ನೂಲು ಸಿಕ್ಕಿಕೊಳ್ಳುತ್ತಿತ್ತು. ಫೋಮಿಗೆ ಹಚ್ಚುವ ಗಮ್ಮು ತಾಗಿ ತಾಗಿ ಮುತ್ತು ಮಂಕಾಯಿತು. ಅತ್ತೆ ಅವಳ ಕೈ ಹಿಡಿದು ಪಕ್ಕದ ಮನೆಯವರಿಗೆ ತೋರಿಸಿದರು: "ನೋಡಿ, ಇವಳ ಸಿಟ್ಟೆಲ್ಲ ಹೀರ್ಕೊಂಡು ಹೆಂಗೆ ಕಪ್ಪಿಟ್ಟಿದೆ!" ಅವಳು ಬಾಯಿ ತೆರೆದರೆ ಸಾಕು, ಮನೆಮಂದಿಯ ಕಣ್ಣೆಲ್ಲ ಬೆರಳಿನ ಮೇಲೆ. ಕೆಲಸದ ಹೊತ್ತಿನಲ್ಲಿ ಅವಳು ಅದನ್ನು ತೆಗೆದು ಗುಂಡಿ ಡಬ್ಬಿಯಲ್ಲಿ ಹಾಕತೊಡಗಿದಳು.

ಒಂದು ಮಧ್ಯಾಹ್ನ, ಹೊಲಿದ ಸೀಟುಗಳನ್ನು ಗ್ಯಾರೇಜಿಗೆ ಕೊಟ್ಟು ಬಂದರೆ ಕೋಣೆಯಲ್ಲಿ ಹೊಲಿಗೆ ಮೆಷಿನ್ನೇ ಇಲ್ಲ. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ, ನೂಲಿನ ಚೂರು. ಅಪ್ಪನ ಕಾಲದ ಮೆಷಿನ್ನು ಅದು. ಅವನ ಪಕ್ಕ ಕೂತು ಅದರಲ್ಲೇ ಅವಳು ಕೆಲಸ ಕಲಿತದ್ದು.

"ಮೆಷಿನ್ ಎಲ್ಲಿ?"

ಮೈದುನ ಫೋನಿನಿಂದ ತಲೆಯೆತ್ತಲಿಲ್ಲ. "ಫ್ರೆಂಡಿಗೆ ಕೊಟ್ಟೆ ಅತ್ತಿಗೆ. ಬ್ಯಾಗ್ ಅಂಗಡಿ ಹಾಕಿದಾನೆ. ಸ್ವಲ್ಪ ದಿನ ಅಷ್ಟೇ."

"ಯಾರನ್ನ ಕೇಳಿ ಕೊಟ್ಟೆ?"

ಅವಳ ದನಿಗೆ ಗೋಡೆಯೇ ಅದುರಿತು. ಒಳಗಿಂದ ಅತ್ತೆ ಓಡಿ ಬಂದರು. ಮೆಷಿನ್ ಹೋದ ಜಾಗವನ್ನು ನೋಡಲಿಲ್ಲ, ಮಗನನ್ನೂ ಕೇಳಲಿಲ್ಲ. "ಉಂಗುರ ಎಲ್ಲೇ?" ಅಂದರು. "ಬಿಚ್ಚಿಟ್ಟಿದೀಯಾ! ಅದಕ್ಕೇ ಈ ಆರ್ಭಟ!" ಗಂಡ ಮಂಚದ ಕೆಳಗೆ ಬಗ್ಗಿ ಉಂಗುರ ಹುಡುಕತೊಡಗಿದ. ಮೈದುನನೂ ಎದ್ದು ಕಪಾಟು ತೆರೆದ. ಮೆಷಿನ್ನಿನ ಮಾತು ಯಾರಿಗೂ ಬೇಡ.

ಡಬ್ಬಿಯಿಂದ ಉಂಗುರ ತೆಗೆದಳು. ಎಲ್ಲರ ಎದುರಿಗೇ ಬೆರಳಿಗೆ ತುರುಕಿಕೊಂಡಳು. ಕುರ್ಚಿ ಎಳೆದು ಕೂತಳು.

"ಹಾಕ್ಕೊಂಡೆ. ತಂಪಾಗಿದೀನಿ. ಈಗ ಕೇಳ್ತೀನಿ. ನನ್ನ ಮೆಷಿನ್ನ ಯಾರನ್ನ ಕೇಳಿ ಕೊಟ್ಟೆ?"

ದನಿ ಏರಿರಲಿಲ್ಲ. ಮೈದುನ ಅಮ್ಮನ ಮುಖ ನೋಡಿದ. ಅತ್ತೆ ಸೆರಗು ಸರಿಮಾಡಿಕೊಂಡರು. ಗಂಡ ಮಂಡಿಯ ಧೂಳು ಕೊಡವುತ್ತಾ ಎದ್ದು, "ಹೋಗ್ಲಿ..." ಅಂದ.

"ಆ ಮಾತು ಇನ್ನೊಂದ್ಸಲ ಬಂದ್ರೆ ಚೆನ್ನಾಗಿರಲ್ಲ. ನಡೀರಿ, ಬಾಡಿಗೆ ಗಾಡಿ ತಗೊಂಬನ್ನಿ."

ಬ್ಯಾಗ್ ಅಂಗಡಿಯಲ್ಲಿ ಆ ಫ್ರೆಂಡು ಅವಳ ಮೆಷಿನ್ನಿನ ಮೇಲೆ ಚಹದ ಲೋಟ ಇಟ್ಟುಕೊಂಡು ಹೊಲಿಯುತ್ತಿದ್ದ. ಅವಳು ಲೋಟ ತೆಗೆದು ನೆಲದಲ್ಲಿಟ್ಟಳು. ಸೂಜಿಯ ನೂಲು ಕತ್ತರಿಸಿ, "ಏಳಪ್ಪ," ಅಂದಳು. ಅವನು ಎದ್ದ. ಗಂಡ ಒಂದು ಕಡೆ, ಅವಳೊಂದು ಕಡೆ ಹಿಡಿದು ಗಾಡಿಗೇರಿಸಿದರು. ಗಾಡಿ ಮನೆಯ ತಿರುವು ದಾಟಿ ಮುಂದೆ ಹೋದಾಗ ಗಂಡ ಗಾಬರಿಯಾದ.

"ಮನೆಗಲ್ವಾ?"

"ಮೆಷಿನ್ ಮನೆಗೆ ಬರಲ್ಲ. ನಾನು ಬರ್ತೀನಿ."

ಗ್ಯಾರೇಜಿನ ಮೆಕ್ಯಾನಿಕ್ಕು ತನ್ನ ಶೆಡ್ಡಿನ ಅರ್ಧ ಖಾಲಿ ಬಿದ್ದಿದೆ ಅಂತ ಹಿಂದೆಯೇ ಹೇಳಿದ್ದ. ಅಲ್ಲೇ ಇಳಿಸಿದರು. ಅವತ್ತಿಂದ ಅವಳ ಕೆಲಸ ಅಲ್ಲೇ. ಬೀಗದ ಕೈ ಅವಳ ಸೊಂಟದಲ್ಲಿ.

ಮನೆಯಲ್ಲಿ ಮಾತ್ರ ಮುತ್ತು ಆಗಿಬರಲಿಲ್ಲ ಅಂತ ತೀರ್ಮಾನವಾಯಿತು. ಅತ್ತೆ ಮತ್ತೆ ಅಂಗಡಿಗೆ ಹೋಗಿ ಬಂದರು. ಜೂನ್‌ನವರಿಗೆ ಚಂದ್ರಕಾಂತ ಕಲ್ಲೂ ನಡೆಯುತ್ತದಂತೆ, ಮುತ್ತಿಗಿಂತ ಜೋರಂತೆ. ಊಟಕ್ಕೆ ಕೂತ ಸೀಟಕ್ಕನ ಮುಂದೆ ಪುಟ್ಟ ಡಬ್ಬಿ ತಂದಿಟ್ಟರು. ಅವಳು ಅದನ್ನು ಮೈದುನನ ತಟ್ಟೆಯ ಪಕ್ಕಕ್ಕೆ ತಳ್ಳಿದಳು.

"ತಪ್ಪಾಯ್ತು ಅನ್ನೋಕೆ ಯಾವ ಕಲ್ಲು ಹಾಕಬೇಕಂತೆ? ಕೇಳ್ಕೊಂಡು ಬನ್ನಿ, ಇವನಿಗೆ ಹಾಕೋಣ."

ಯಾರೂ ನಗಲಿಲ್ಲ. ಮೈದುನ ಇವತ್ತಿಗೂ ತಪ್ಪಾಯ್ತು ಅಂದಿಲ್ಲ. ಅವಳು ಇವತ್ತಿಗೂ ಅವನ ಜೊತೆ ಮಾತಾಡಿಲ್ಲ.