ಮ್ಯೂಟ್ ಅಮ್ಮ
ಎದುರುಮನೆಯಾಕೆಗೆ ನಾವಿಟ್ಟ ಹೆಸರು ಮ್ಯೂಟ್ ಅಮ್ಮ. ಲಾಕ್‌ಡೌನಿನಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನ ಮುಂದೆ ಮಗಳ ಪಾಠ. ಪಕ್ಕದಲ್ಲೇ ಇವಳ ಕಾವಲು. ಕುಕ್ಕರ್ ಕೂಗಿದರೆ, ನಾಯಿ ಬೊಗಳಿದರೆ, ಗೋಡೆಯ ಹಲ್ಲಿ ಲೊಚಗುಟ್ಟಿದರೂ ಸರಿ, "ಪುಟ್ಟೀ, ಮ್ಯೂಟ್ ಮಾಡ್ಕೋ" ಎನ್ನುವಳು. ಕೆಲಸ ಕಳೆದುಕೊಂಡ ಗಂಡ ರೇಗಿ ಪಾತ್ರೆ ಎಸೆದಾಗಲೂ ಅದೇ ಮಾತು, ಅದೇ ಮೆಲುದನಿ. ಈಗ ಶಾಲೆ ತೆರೆದಿದೆ. ದಿನಾ ಶಾಲೆಯ ಗೇಟಿನ ತನಕ ಬಂದು, ಜಡೆ ಸರಿಮಾಡಿ, "ಜೋರಾಗಿ ಉತ್ತರ ಹೇಳು ಕಂದಾ" ಎಂದು ಕಳಿಸುತ್ತಾಳೆ. ಮೊನ್ನೆ ಗೇಟಿನಲ್ಲೇ ಟೀಚರ್ ತಡೆದು ಕೇಳಿದರು: "ಅವಳಿಗೆ ಉತ್ತರ ಗೊತ್ತಿರತ್ತಮ್ಮಾ. ಆದ್ರೆ ಬಾಯಿ ತೆರೆದೋಳು ಹಿಂದೆ ತಿರುಗಿ ನೋಡಿ ಸುಮ್ನಾಗ್ಬಿಡ್ತಾಳೆ. ಮನೇಲೇನಾದ್ರೂ ತೊಂದ್ರೆನಾ?" ಮ್ಯೂಟ್ ಅಮ್ಮ ಬಾಯಿ ತೆರೆದಳು. ಒಮ್ಮೆ ಹಿಂದೆ ತಿರುಗಿ ನೋಡಿದಳು. ಸುಮ್ಮನಾದಳು.